ಅತ್ತೆ ಗೇರ್‌ಬಾಕ್ಸ್ ಆರಿಸಿದ್ದು

ನಮ್ಮ ಸೋದರತ್ತೆ ತನ್ನ ಒಬ್ಬಳೇ ಮಗಳಿಗೆ ಗಂಡು ಗೊತ್ತುಮಾಡಿದ್ದು ಒಂದೇ ಮಧ್ಯಾಹ್ನದಲ್ಲಿ. ದೇಶಪಾಂಡೆ ನಗರದ ಮನೆ ಕೊಂಡದ್ದು ಒಂದೇ ವಾರದಲ್ಲಿ. ಆದರೆ ಜೀಪಿಗೆ ಗೇರ್‌ಬಾಕ್ಸ್ ಆರಿಸಲು ಆಕೆ ತೆಗೆದುಕೊಂಡದ್ದು ಬರೋಬ್ಬರಿ ನಾಲ್ಕು ತಿಂಗಳು! ಈ ವಿಷಯ ಬಂದಾಗಲೆಲ್ಲ ಆ ಅಳಿಯನ ಮುಖ ಇವತ್ತಿಗೂ ಸ್ವಲ್ಪ ಸಣ್ಣಗಾಗುತ್ತದೆ.

ಅತ್ತೆ ನನ್ನ ಅಪ್ಪನ ಅಕ್ಕ. ವಯಸ್ಸು ಅರವತ್ತೆಂಟು. ಹಣೆಯ ಮೇಲೆ ವಿಭೂತಿ, ಮೈಮೇಲೆ ಇಳಕಲ್ ಸೀರೆ, ಕಾಲಲ್ಲಿ ಕ್ಯಾನ್ವಾಸ್ ಬೂಟು. ನವಲಗುಂದದ ಕಡೆ ಕರಿ ಮಣ್ಣಿನ ಎರಿ ಹೊಲವಿದೆ. ಅಲ್ಲಿಗೆ ಹೋಗಲು ಆಕೆಯದೇ ಒಂದು ಹಳೆಯ ಜೀಪಿದೆ, ನಾಲ್ಕೂ ಚಕ್ರ ಎಳೆಯುವಂಥದ್ದು. ಮಳೆಗಾಲದಲ್ಲಿ ಟ್ರ್ಯಾಕ್ಟರುಗಳೇ ಹೂತು ನಿಲ್ಲುವ ಆ ಕರಿ ಕೆಸರಿನಲ್ಲಿ ಅತ್ತೆ ಸೆರಗು ಸಿಕ್ಕಿಸಿಕೊಂಡು ಜೀಪು ಓಡಿಸುವುದನ್ನು ನೋಡಿದವರು ಮಾತು ಮರೆಯುತ್ತಾರೆ. ಹಿಂದೆ ಕುಳಿತವರು ದೇವರ ಹೆಸರೊಂದನ್ನು ಬಿಟ್ಟು ಉಳಿದದ್ದೆಲ್ಲ ಮರೆಯುತ್ತಾರೆ!

ಹೋದ ಮಳೆಗಾಲದ ಕೊನೆಗೆ ಆ ಜೀಪಿನ ಗೇರ್‌ಬಾಕ್ಸ್ ಮುರಿಯಿತು. ಗೋಕುಲ ರಸ್ತೆಯ ಉಸ್ತಾದರು, ಅಂದರೆ ಇಪ್ಪತ್ತು ವರ್ಷದಿಂದ ಆ ಗಾಡಿ ನೋಡಿಕೊಂಡು ಬಂದ ಮೆಕ್ಯಾನಿಕ್, ಅದನ್ನು ಬಿಚ್ಚಿ ನೋಡಿ ಟೋಪಿ ಸರಿಸಿ ತಲೆ ಕೆರೆದುಕೊಂಡರು.

"ಅಕ್ಕಾರ, ಗೇರಿನ ಹಲ್ಲು ಹೋಗ್ಯಾವ, ಮ್ಯಾಲಿನ ಕವಚಾನೂ ಸೀಳೈತಿ. ರಿಪೇರಿ ಮಾಡಾಕ ಏನೂ ಉಳದಿಲ್ರಿ. ಬ್ಯಾರೇದ ಹಾಕಬೇಕು."

ಜೊತೆಗೆ ಬಂದಿದ್ದ ನಮ್ಮಪ್ಪ ಇದೇ ಸಮಯವೆಂದು ಬಾಯಿ ಹಾಕಿದರು. "ಅಕ್ಕಾ, ಹಲ್ಲು ಬಿದ್ದ ಗಾಡಿ ಯಾತಕ್ಕ ಬೇಕು? ಗುಜರಿಗೆ ಹಾಕು, ಆರಾಮಾಗಿ ಒಂದು ಕಾರು ತಗೋ."

"ನಿನ್ನ ಹಲ್ಲು ಬಿದ್ದಾಗ ನಿನ್ನನ್ನ ಯಾರರೆ ಗುಜರಿಗೆ ಹಾಕ್ಯಾರೇನು?"

ಅಪ್ಪ ಕಟ್ಟಿಸಿಕೊಂಡ ಹಲ್ಲುಗಳ ಮೇಲೆ ತುಟಿ ಮುಚ್ಚಿದರು. ಅಂದಿನಿಂದ ಈ ವ್ಯವಹಾರದಲ್ಲಿ ಅತ್ತೆಯ ಬೆನ್ನು ಹತ್ತುವ ಪಾಳಿ ನನ್ನದಾಯಿತು. ಧಾರವಾಡದ ಕಾಲೇಜಿನಲ್ಲಿ ಪಾಠ ಹೇಳುವವನಿಗೆ ಭಾನುವಾರ ಬೇರೆ ಕೆಲಸವೇನಿರುತ್ತದೆ!

ಮೊದಲು ರಾಯಾಪುರಕ್ಕೆ ಹೋದೆವು. ಅಲ್ಲೊಬ್ಬ ತರುಣ ತನ್ನ ಜೀಪಿಗೆ ಐದು ಗೇರಿನ ಹೊಸ ಮಾದರಿಯ ಗೇರ್‌ಬಾಕ್ಸ್ ಹಾಕಿಸಿದ್ದ. ಅತ್ತೆಗೂ ಅದನ್ನೇ ಹಾಕಿಸಬಹುದೆಂದು ಉಸ್ತಾದರು ಹೇಳಿದ್ದರು. ಅತ್ತೆ ಮನೆಯಿಂದ ಬರುವಾಗಲೇ ಒಂದು ತಂಬಿಗೆಯ ತುಂಬ ಮಜ್ಜಿಗೆ ತಂದಿದ್ದಳು. ಬಾಯಾರಿಕೆಗೆ ಇರಬೇಕು ಅಂದುಕೊಂಡೆ.

"ಆಂಟಿ, ಐದು ಗೇರ್ ರೀ! ಗಾಡಿ ಹಾರತೈತಿ!" ಎಂದ ತರುಣ.

"ಹಾರೂದು ಬ್ಯಾಡಪಾ. ನಡೀತೈತೇನು?" ಎಂದು ಅತ್ತೆ ಮುಂದಿನ ಸೀಟಿನಲ್ಲಿ ಕುಳಿತು, ತಂಬಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ಆ ಕಲ್ಲಿನ ದಿಬ್ಬ ಹತ್ತಿಸಿ ಇಳಿಸು. ಮಜ್ಜಿಗಿ ಚೆಲ್ಲಬಾರದು."

ಪಾಪ, ಅವನು ತನಗೆ ಗೊತ್ತಿದ್ದ ದೇವರನ್ನೆಲ್ಲ ನೆನೆದು ಗಾಡಿ ಬಿಟ್ಟ. ಎಷ್ಟು ನಿಧಾನ ಮಾಡಿದರೂ ಆ ಗೇರ್‌ಬಾಕ್ಸಿನ ಒಂದನೇ ಗೇರಿಗೆ ಅವಸರ. ಗಾಡಿ ಕುಪ್ಪಳಿಸಿತು, ಮಜ್ಜಿಗೆ ಗಾಜಿಗೆ ಹಾರಿತು.

"ಸಾರಿ ಆಂಟಿ, ನಿಮ್ಮ ಸೀರಿ ತೊಯ್ತು..."

"ಸೀರಿ ಒಣಗತೈತಿ. ಅರ್ಧಾ ತಂಬಿಗಿ ಹೋತು. ನಿನ್ನ ಗೇರ್‌ಬಾಕ್ಸ್ ನಾಪಾಸು!"

ಮುಂದಿನ ಭಾನುವಾರಗಳು ಗುಜರಿ ಅಂಗಡಿಗಳಲ್ಲಿ ಕಳೆದವು. ಗಾಡಿಗೆ ಕೂಡಿಸದೆ ನೆಲದ ಮೇಲೆ ಬಿದ್ದಿರುವ ಗೇರ್‌ಬಾಕ್ಸನ್ನು ಪರೀಕ್ಷಿಸುವುದು ಹೇಗೆ? ಅತ್ತೆಯ ಚೀಲದಲ್ಲಿ ಉತ್ತರವಿತ್ತು: ಕುಂಕುಮದ ಭರಣಿ! ಚಕ್ರಗಳ ಕಡೆಗಿನ ಹಿಂದಿನ ದಂಡಕ್ಕೆ ಒಂದು ಬೊಟ್ಟು ಇಡುವುದು, ಗೇರು ಒಂದಕ್ಕೆ ಹಾಕಿ ಎಂಜಿನ್ನಿನ ಕಡೆಗಿನ ಮುಂದಿನ ದಂಡವನ್ನು ಕೈಯಿಂದ ತಿರುಗಿಸುವುದು. ಕುಂಕುಮ ಒಂದು ಸುತ್ತು ಬರಲು ಮುಂದಿನದು ಎಷ್ಟು ಸುತ್ತು ತಿರುಗಿತು? ಸುತ್ತು ಹೆಚ್ಚಿದಷ್ಟೂ ಗಾಡಿ ನಿಧಾನ. ಲೆಕ್ಕ ಖರೇ, ಆದರೆ ನೋಡುವವರಿಗೆ ಏನು ಗೊತ್ತು! ಒಬ್ಬ ಅಂಗಡಿಯವ ಓಡಿ ಹೋಗಿ ಊದುಬತ್ತಿ ಹಚ್ಚಿಕೊಂಡು ಬಂದ. ಇನ್ನೊಬ್ಬ ಚಪ್ಪಲಿ ಬಿಟ್ಟು ಕೈಮುಗಿದು ನಿಂತು, "ಕಾಯಿ ತರಿಸ್ಲೇನ್ರಿ?" ಎಂದ.

"ಎಣಿಸಾಕತ್ತೇನಿ, ಸುಮ್ಮನಿರೋ!"

ಮೂರು ಸುತ್ತು. ನಾಪಾಸು. ನಾಲ್ಕು ಸುತ್ತು. ಅದೂ ನಾಪಾಸು. ಇಷ್ಟರಲ್ಲಿ ಚಳಿಗಾಲ ಬಂತು, ನನ್ನ ತಾಳ್ಮೆ ಹೋಯಿತು. ಉಸ್ತಾದರ ಗ್ಯಾರೇಜಿನಲ್ಲಿ ನಿಂತು ಕೇಳಿಯೇಬಿಟ್ಟೆ. "ಅತ್ತಿ, ಖರೇ ಹೇಳು, ನಿನಗ ಏನು ಬೇಕಾಗೇತಿ?"

ಅತ್ತೆ ನನ್ನ ಕಡೆ ನೋಡಲಿಲ್ಲ, ಉಸ್ತಾದರಿಗೆ ಹೇಳಿದಳು. "ನಮ್ಮ ಮನಿಯವರಿಗೆ ಬೆನ್ನಿನ ಆಪರೇಷನ್ ಆಗಿ ವರ್ಷ ಆತ್ರಿ. ಗಾಡ್ಯಾಗ ಹೋಗಬಹುದು, ಆದ್ರ ಬೆನ್ನಿಗೆ ಧಕ್ಕಿ ಬಡೀಬಾರದು ಅಂದಾರ ಡಾಕ್ಟರು. ನಮ್ಮ ಹೊಲದ ದಾರಿ ನೀವು ನೋಡೀರಿ. ಹೋದ ವರ್ಷ ಸೀತನಿಗೆ ಅವರು ಬರಲಿಲ್ಲ. ಈ ವರ್ಷ ತೆನಿ ಬಲಿಯೂದರಾಗ ಕರಕೊಂಡು ಹೋಗಬೇಕು. ಎತ್ತಿಗಿಂತ ಸಾವಕಾಶ ಹೋಗೂ ಗೇರ್ ಬೇಕು, ಅಷ್ಟ."

ಮಾವ ಏನನ್ನೂ ಕೇಳುವ ಮನುಷ್ಯರಲ್ಲ. ವರ್ಷದಿಂದ ಮನೆಯ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಸುಮ್ಮನೆ ಕುಳಿತಿದ್ದರು. ಹಸಿ ಜೋಳದ ತೆನೆ ಸುಟ್ಟು ಹೊಲದಲ್ಲೇ ತಿನ್ನುವ ಸೀತನಿಯ ದಿನ ಅವರಿಗೆ ಎಷ್ಟು ದೊಡ್ಡದೆಂದು ನಾವ್ಯಾರೂ ಯೋಚಿಸಿರಲೇ ಇಲ್ಲ.

ಉಸ್ತಾದರು ಕೈ ಒರೆಸಿಕೊಂಡರು. "ಅಕ್ಕಾರ, ಇದನ್ನ ನಾಕು ತಿಂಗಳ ಹಿಂದ ಹೇಳಬೇಕಿಲ್ರಿ!"

"ನೀವೆಲ್ಲಿ ಕೇಳೀರಿ? ಎಲ್ಲಾರೂ ಓಡೂದ ಹೇಳಾಕತ್ತಿದ್ರಿ."

ಉಸ್ತಾದರು ನಮ್ಮನ್ನು ಹಿತ್ತಲಿಗೆ ಕರೆದೊಯ್ದರು. ಅಲ್ಲಿ ಟೈರುಗಳ ಕೆಳಗೆ ಹಳೆಯ ಸರಕಿನ ಗಾಡಿಯೊಂದರ ಗೇರ್‌ಬಾಕ್ಸ್ ಮಲಗಿತ್ತು. ನಾಲ್ಕೇ ಗೇರು. ಅತ್ತೆ ಕುಂಕುಮವಿಟ್ಟಳು. ಉಸ್ತಾದರು ದಂಡ ತಿರುಗಿಸಿದರು. ನಾಲ್ಕು... ಐದು... ಆರು ಸುತ್ತು ದಾಟಿದ ಮೇಲೆ ಕುಂಕುಮ ಗತ್ತಿನಿಂದ ಮೇಲೆ ಬಂತು!

"ಪಾಸು!" ಅತ್ತೆಯ ಕೂಗು ಗೋಕುಲ ರಸ್ತೆಯ ಆಚೆಗೂ ಕೇಳಿಸಿರಬೇಕು.

"ಆದ್ರ ಅಕ್ಕಾರ, ಒಂದನೇ ಗೇರಿನ್ಯಾಗ ಎಮ್ಮಿ ಸೈತ ನಿಮ್ಮನ್ನ ಹಿಂದ ಹಾಕತೈತ್ರಿ."

"ಹಾಕಲಿ ಬಿಡ್ರಿ. ಎಮ್ಮಿಗೆ ಮನ್ಯಾಗ ಕೆಲಸ ಇರತಾವ."

ಗೇರ್‌ಬಾಕ್ಸ್ ಉದ್ದವಿತ್ತು. ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟನ್ನು ಕತ್ತರಿಸಿ ಗಿಡ್ಡ ಮಾಡಿ, ನಡುವೆ ಒಂದು ತಟ್ಟೆ ಮಾಡಿಸಿ ಕೂಡಿಸಲು ಉಸ್ತಾದರಿಗೆ ಎಂಟು ದಿನ ಹಿಡಿಯಿತು. ಒಂಬತ್ತನೇ ದಿನ, ತೆನೆಯಲ್ಲಿ ಇನ್ನೂ ಹಾಲಿರುವಾಗಲೇ, ನಾವು ಹೊರಟೆವು. ಮುಂದೆ ದಿಂಬುಗಳ ನಡುವೆ ಮಾವ, ಹಿಂದೆ ನಾನು, ಮೊಸರು, ಶೇಂಗಾ ಚಟ್ನಿಪುಡಿ, ಬೆಲ್ಲ. ಡಾಂಬರು ಮುಗಿದು ಹೊಲದ ದಾರಿ ಬಂದಾಗ ಮಾವ ಎರಡೂ ಕೈಯಿಂದ ಕಂಬಿ ಹಿಡಿದು ಕಣ್ಣು ಮುಚ್ಚಿದರು. ಒಣಗಿ ಕಲ್ಲಾಗಿದ್ದ ಗಾಡಿಜಾಡು, ನಡುವೆ ಹಳ್ಳ. ಅತ್ತೆ ಒಂದನೇ ಗೇರು ಹಾಕಿದಳು.

ಎಷ್ಟೋ ಹೊತ್ತಿನ ಮೇಲೆ ಮಾವ ಕಣ್ಣು ಮುಚ್ಚಿಕೊಂಡೇ ಕೇಳಿದರು. "ಯಾಕ, ಇನ್ನೂ ಗಾಡಿ ಬಿಟ್ಟಿಲ್ಲೇನು?"

"ಕಣ್ಣು ತಗೀರಿ," ಎಂದಳು ಅತ್ತೆ. "ಹಳ್ಳ ದಾಟಿ ನಮ್ಮ ಬದುವಿಗೆ ಬಂದೇವಿ!"

ನಾನು ಹಿಂದಿನ ಸೀಟಿನಲ್ಲಿ ಎದ್ದು ನಿಂತು ಚಪ್ಪಾಳೆ ಹೊಡೆದೆ. ತಲೆ ಮೇಲಿನ ಕಂಬಿಗೆ ಬಡಿಯಿತು, ಆದರೂ ಹೊಡೆದೆ. ಮಾವ ಅಂದು ತಿಂದ ತೆನೆಗಳನ್ನು ಎಣಿಸಲು ಕುಂಕುಮ ಸಾಲುತ್ತಿರಲಿಲ್ಲ.

ಊಟವಾದ ಮೇಲೆ ಮಾವ, ಹೆಸರುಕಾಳಿನ ಬೆಳೆ ತೆಗೆದು ಖಾಲಿ ಬಿಟ್ಟಿದ್ದ ಹೊಲದ ತುಂಡನ್ನು ನೋಡಬೇಕೆಂದರು. ಅತ್ತೆ ಅದೇ ಗೇರಿನಲ್ಲಿ ಹೊಲದ ಸುತ್ತ ಗಾಡಿ ಬಿಟ್ಟಳು. ಅರ್ಧ ಸುತ್ತು ಬರುವುದರೊಳಗೆ ಮಾವನ ತಲೆ ದಿಂಬಿಗೆ ವಾಲಿತು. ಸಣ್ಣಗೆ ಗೊರಕೆ. ನಾನು ಮುಂದೆ ಬಾಗಿ, ಗಾಡಿ ನಿಲ್ಲಿಸು ಎಂದು ಸನ್ನೆ ಮಾಡಿದೆ.

"ಬ್ಯಾಡೋ. ನಿಂತರ ಎಚ್ಚರಾಗತಾರ," ಎಂದಳು ಅತ್ತೆ ಮೆಲ್ಲಗೆ. "ವರ್ಷ ಆತು, ಗುಳಿಗಿ ಇಲ್ಲದ ಹಿಂಗ ಮಲಗಿಲ್ಲ."

ಎರಡನೇ ಸುತ್ತು, ಮೂರನೇ ಸುತ್ತು. ಜೀಪು ಪಡುವಣಕ್ಕೆ ತಿರುಗಿದಾಗಲೆಲ್ಲ ಬಿಸಿಲು ಮಾವನ ಮುಖಕ್ಕೆ ಬೀಳುತ್ತಿತ್ತು. ಆಗ ಅತ್ತೆಯ ಎಡಗೈ ಸ್ಟೇರಿಂಗ್ ಬಿಟ್ಟು ಮೇಲೇಳುತ್ತಿತ್ತು, ಅವರ ಕಣ್ಣಿನ ಮುಂದೆ ನೆರಳಾಗಿ ನಿಲ್ಲುತ್ತಿತ್ತು, ಮೂಲೆ ತಿರುಗುವತನಕ.