ಕಾಕಾನ ಕ್ರಾಂತಿ, ಕಾಕುವಿನ ಪಂಕ್ತಿ

ಫ್ರಾನ್ಸಿನ ಅರಸನ ತಲೆ ಹಾರಿಸಿದ್ದು ಯಾರು? ಜನ ಎನ್ನುತ್ತೀರಿ ನೀವು. ಬೀದರಿನ ಮೈಲೂರದಲ್ಲಿರುವ ನಮ್ಮ ಕಾಕಾ ಒಪ್ಪುವುದೇ ಇಲ್ಲ. ಅವರ ಪ್ರಕಾರ ಆ ಕೆಲಸ ಮಾಡಿದವರು ಕುರ್ಚಿ ಬಿಟ್ಟೇಳದ ತತ್ತ್ವಜ್ಞಾನಿಗಳು! ಔರಾದದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಕಾಕಾ, ಈಗ ಸಿಕ್ಕವರಿಗೆಲ್ಲ ಪಾಠ ಮಾಡುತ್ತಾರೆ.

ಒಮ್ಮೆ ನೌಬಾದದ ಕಟಿಂಗ್ ಅಂಗಡಿಯಲ್ಲಿ, ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡವರು ಹಾಗೆಯೇ ಶುರುಮಾಡಿದರು.

"ಮದಲ ವಿಚಾರ ಬರ್ತದ, ಆಮ್ಯಾಲ ಕ್ರಾಂತಿ! ಎಲ್ಲಾರೂ ಸರಿಸಮಾನ ಅಂತ ಒಬ್ಬಾಂವ ಬರೀತಾನ. ಅದನ್ನ ಓದಿದಾಂವ ಅರಮನಿ ಬಾಗಿಲಾ ಬಡೀತಾನ!"

ಅಂಗಡಿಯವನು ಕತ್ತಿ ಹಿಡಿದು ಕಾದು ಕಾದು ಸುಸ್ತಾದ. "ಸರ್, ಕುತಗಿ ಅಳ್ಳಾಡಸಬ್ಯಾಡ್ರಿ. ಆ ಅರಸನ ಗತಿ ನಿಮಗೂ ಆದೀತು!"

ಹೊರಗೆ ಇಷ್ಟು ಸಮಾನತೆ ಸಾರುವವರ ಮನೆಯೊಳಗೆ? ಅವರ ಹೆಂಡತಿ, ನಮ್ಮ ಕಾಕು, ಬಿಸಿ ರೊಟ್ಟಿ ಬಡಿದು ಹಾಕಬೇಕು. ಗಂಡಸರೆಲ್ಲ ಉಂಡೆದ್ದ ಮೇಲೆ ತಣ್ಣಗಾದದ್ದನ್ನು ತಾವು ಉಣ್ಣಬೇಕು. ಕಾಕಾನ ತತ್ತ್ವಜ್ಞಾನಿಗಳಾರೂ ಅಡುಗೆಮನೆಯ ಹೊಸ್ತಿಲು ದಾಟಿರಲಿಲ್ಲ. ಆದರೆ ರೊಟ್ಟಿ ಬಡಿಯುತ್ತಲೇ ಕಾಕು ಪಾಠವನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಾರೆಂದು ಯಾರಿಗೆ ಗೊತ್ತಿತ್ತು!

ಕಳೆದ ಬೇಸಿಗೆ ಭಾಲ್ಕಿಯಲ್ಲಿ ಬಳಗದ ಮದುವೆ. ಮೊದಲ ಪಂಕ್ತಿ ಗಂಡಸರದು, ಹೆಂಗಸರದು ಆಮೇಲೆ. ಅಲ್ಲಿ ಮೊದಲಿಂದಲೂ ಹಾಗೆಯೇ. ಹುಗ್ಗಿಯ ಬಕೆಟ್ಟು ಇನ್ನೇನು ಬರಬೇಕು, ಕಾಕು ನೆಟ್ಟಗೆ ಬಂದು ಕಾಕಾನ ಪಕ್ಕದ ಪತ್ರಾವಳಿಗೆ ಕೂತೇಬಿಟ್ಟರು!

ಮದುವೆಮನೆಯ ಹಿರಿಯರು ಓಡಿಬಂದರು. "ಯಾಕ್ರಿ ವೈನಿ, ಹೆಣ್ಮಕ್ಕಳ ಪಂಕ್ತಿ ಆಮ್ಯಾಲ ಅದ. ಏಳ್ರಿ."

"ಏಳಂಗಿಲ್ರಿ. ಎಲ್ಲಾರೂ ಸರಿಸಮಾನ ಅಂತ ನಮ್ಮ ಮಾಸ್ತರ ದಿನಾ ಹೇಳ್ತಾರ. ಖರೇನೋ ಸುಳ್ಳೋ ಅವರಿಗೇ ಕೇಳ್ರಿ."

ಇಡೀ ಬಳಗ ಕಾಕಾನ ಕಡೆ ತಿರುಗಿತು. ಅವರು 'ಏಳು' ಎಂದಿದ್ದರೆ ಸಾಕಿತ್ತು, ಕಾಕು ಮತ್ತೆಂದೂ ಆ ಬಳಗದಲ್ಲಿ ತಲೆ ಎತ್ತುತ್ತಿರಲಿಲ್ಲ. ಅಷ್ಟರಲ್ಲಿ ಕಾಕಾ ಎದ್ದುಹೋದರು. ಕಾಕುವಿನ ಮುಖ ಬಾಡಿತು.

ಹೋದವರು ಬಡಿಸುವವನ ಕೈಯಿಂದ ಬಕೆಟ್ಟು ಕಸಿದುಕೊಂಡು ಬಂದರು. "ತಗೋ, ಮದಲ ನೀ ಉಣ್ಣು," ಎಂದು ಹುಗ್ಗಿ ಸುರಿದು ತುಪ್ಪ ಹಾಕಿದರು. ದೂರದಲ್ಲಿ ನಿಂತ ಹೆಂಗಸರೂ ಒಬ್ಬೊಬ್ಬರೇ ಬಂದು ಕೂತರು. ಹಿರಿಯರು ಗೊಣಗಿದರು, ಯಾರೂ ಕೇಳಲಿಲ್ಲ.

ಕಾಕು ಒಂದು ತುತ್ತು ಬಾಯಿಗಿಟ್ಟು, ಸುಟ್ಟ ನಾಲಿಗೆ ಕಚ್ಚಿಕೊಂಡು ನಕ್ಕರು. "ಮದವಿ ಹುಗ್ಗಿ ಇಷ್ಟ ಬಿಸಿ ಇರ್ತದಂತ ನನಗ ಗೊತ್ತೇ ಇರಲಿಲ್ರಿ."

ಕಾಕಾ ಕಣ್ಣೊರೆಸಿಕೊಂಡು, ಆಕೆಯ ಪತ್ರಾವಳಿಯ ಮುಂದೆ ಕೂತು, ಹುಗ್ಗಿ ಆರಲೆಂದು ಮೆಲ್ಲಗೆ ಊದತೊಡಗಿದರು.