ಮಾವನ ಆರನೆಯ ಪ್ರಶ್ನೆ

ನಮ್ಮ ಸೋದರಮಾವ ಎಲ್ಲಾದರೂ ಎದುರಾಗಿ "ಹೇಗಿದ್ದೀರಿ?" ಎಂದು ಕೇಳಿದರೆ, ದಯವಿಟ್ಟು "ಚೆನ್ನಾಗಿದ್ದೇನೆ" ಎಂದಷ್ಟೇ ಹೇಳಿ ಓಡಿಬಿಡಿ. "ಸ್ವಲ್ಪ ನೆಗಡಿ" ಎಂದಿರೋ, ಮುಂದಿನ ವಾರ ಪತ್ರಿಕೆಯಲ್ಲಿ ಬಂದಿರಿ! ನಿಮ್ಮ ಹೆಸರೇನೋ ಇರುವುದಿಲ್ಲ. "ಅಮ್ಮತ್ತಿ ಪೇಟೆಯಲ್ಲಿ ಶೀತಬಾಧೆ ಉಲ್ಬಣ" ಎಂದಿರುತ್ತದೆ. ಆ ಉಲ್ಬಣವೆಂದರೆ ನೀವೊಬ್ಬರೇ.

ಮಾವ ಅಮ್ಮತ್ತಿ ಹತ್ತಿರದ ಕಾಫಿ ತೋಟವೊಂದರಲ್ಲಿ ರೈಟರು. ಆಳುಗಳ ಹಾಜರಿ ಬರೆಯುವುದು ಅವರ ಕೆಲಸ. ಕೇಳಿದರೆ ಅದು ಹೊಟ್ಟೆಪಾಡು ಎನ್ನುತ್ತಾರೆ. ನಿಜವಾದ ಉದ್ಯೋಗವೆಂದರೆ ಮೈಸೂರಿನ ಒಂದು ವಾರಪತ್ರಿಕೆಗೆ ಸಂಬಳವಿಲ್ಲದ ಆರೋಗ್ಯ ವರದಿಗಾರಿಕೆ! ಮೊದಲು ಮಂಜರಾಬಾದಿನ ಕಡೆ ತೋಟದಲ್ಲಿದ್ದರು. ಅಲ್ಲಿ ಅತ್ತೆ ಜ್ವರದಿಂದ ತೀರಿಕೊಂಡ ಮೇಲೆ ಆ ಊರೇ ಬೇಡವೆಂದು, ಕಳೆದ ವರ್ಷದ ಕೊನೆಗೆ ಇಲ್ಲಿಗೆ ಬಂದರು. ನನಗೂ ಇಲ್ಲಿನ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಜನವರಿ ಹತ್ತರಂದು ಅಮ್ಮ ಮತ್ತು ನಾನು ಮೂರು ಟ್ರಂಕುಗಳೊಂದಿಗೆ ಹಾಸನದಿಂದ ಬಂದು ಅವರ ಮನೆ ಸೇರಿದೆವು. ತಾರೀಖು ನನ್ನ ಡೈರಿಯದು, ಟ್ರಂಕಿನ ಲೆಕ್ಕವೂ.

ಕೊಡಗು ಇನ್ನೂ ಮೈಸೂರಿಗೆ ಸೇರದೆ ತಾನೇ ಒಂದು ರಾಜ್ಯವಾಗಿರುವುದು ಮಾವನಿಗೆ ದೊಡ್ಡ ಅನುಕೂಲ. "ನೋಡೇ, ಬೆಳಿಗ್ಗೆ ಬಸ್ ಹತ್ತಿದ್ರೆ ಸಾಯಂಕಾಲದೊಳಗೆ ಇಡೀ ರಾಜ್ಯದ ಆರೋಗ್ಯ ವಿಚಾರಿಸ್ಕೊಂಡು ಬರಬಹುದು. ಬೇರೆ ಯಾವ ವರದಿಗಾರನಿಗಿದೆ ಈ ಭಾಗ್ಯ?" ಜಿನೀವಾದಲ್ಲಿ ಜಗತ್ತಿನ ಆರೋಗ್ಯದ ಬಗ್ಗೆ ಸಭೆ ಸೇರುತ್ತದೆ ಎಂದು ಓದಿದರೆ ಇವರು ಇಲ್ಲಿ ಕೋಟು ಹಾಕಿಕೊಳ್ಳುತ್ತಾರೆ!

"ನಿನ್ನನ್ನೇನಾದ್ರೂ ಕರೆದ್ರೇನೋ?" ಎಂದು ಅಮ್ಮ ಕೇಳಿದರು.

"ಇಲ್ಲ ಅಕ್ಕ. ಆದ್ರೆ ಕರೆದಾಗ ಕೋಟು ಹುಡುಕ್ತಾ ಇರಬಾರದಲ್ಲ."

ಏಪ್ರಿಲ್ ಇಪ್ಪತ್ತೆರಡಕ್ಕೆ ಮಲೇರಿಯಾದವರು ಮನೆಮನೆಗೆ ಡಿ.ಡಿ.ಟಿ. ಹೊಡೆಯಲು ಬಂದರು. ಮಾವ ಗೋಡೆಗೆ ಬೆನ್ನು ಕೊಟ್ಟು ನಿಂತು, ಕೈ ಚಾಚಿ, ಮೂಲೆಮೂಲೆ ತೋರಿಸುತ್ತಾ ಅಪ್ಪಣೆ ಕೊಡತೊಡಗಿದರು.

"ಸ್ವಲ್ಪ ಆಚೆ ನಿಲ್ಲಿ ಸಾರ್, ಮದ್ದು ಗೋಡೆಗೆ, ನಿಮಗಲ್ಲ."

"ನೀವು ಸುತ್ತ ಹೊಡೀರಿ. ಆಮೇಲೆ ಸರೀತೀನಿ."

ಸರಿದರೇ? ಮಾತಿನ ಭರದಲ್ಲಿ ಮರೆತರು. ಗೋಡೆ ಒಣಗಿದಾಗ ಬಿಳಿ ಪುಡಿಯ ನಡುವೆ ಕೈ ಚಾಚಿ ನಿಂತ ಮಾವನ ಆಕಾರ, ಕಿವಿ ಸಮೇತ! ಆ ವಾರ ನಾನು ಸೊಳ್ಳೆ ಎಣಿಸಿದೆ. ಗೋಡೆಯ ಉಳಿದ ಭಾಗದಲ್ಲಿ ಸೊನ್ನೆ, ಮಾವನೊಳಗೆ ಹನ್ನೊಂದು.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಅವರ ಆರು ಪ್ರಶ್ನೆಗಳು. ಬೆಳಿಗ್ಗೆ ಕಾಫಿಗೆ ಮುಂಚೆ ಮನೆಯವರಿಗೆ, ಆಮೇಲೆ ದಾರಿಯಲ್ಲಿ ಸಿಕ್ಕವರಿಗೆ. ಜ್ವರ ಇದೆಯೆ? ಕೆಮ್ಮು? ನಿದ್ದೆ? ಹಸಿವು? ಭೇದಿ? ಇಷ್ಟರವರೆಗೆ ಜನ ಹೇಗೋ ನಿಲ್ಲುತ್ತಾರೆ. ಆರನೆಯದು: "ಒಂದಕ್ಕೆ ಹೋದಾಗ ಬಣ್ಣ ಹೇಗಿತ್ತು?" ಹೀಗೂ ಕೇಳುತ್ತಾರೆಯೇ, ಸಂತೆಯಲ್ಲಿ ನಿಲ್ಲಿಸಿಕೊಂಡು? ಜುಲೈ ಕೊನೆಯವರೆಗೆ ನನ್ನ ಕಣ್ಣೆದುರಿಗೇ ಈ ಪ್ರಶ್ನೆಗೆ ಹೊಡೆಯಲು ಕೊಡೆ ಎತ್ತಿದವರು ನಾಲ್ವರು, ರಸ್ತೆ ದಾಟಿ ಆಚೆ ಹೋದವರು ಹತ್ತೊಂಬತ್ತು, ಉತ್ತರ ಕೊಟ್ಟವರು ಇಬ್ಬರು. ಆ ಇಬ್ಬರು ಅಮ್ಮ ಮತ್ತು ನಾನು. ನಮಗೆ ಬೇರೆ ದಾರಿ ಇರಲಿಲ್ಲ. ಕಾಫಿ ಸೋಸುವವರು ಮಾವ! "ಮಾಮೂಲಿ" ಎಂದರೆ ಲೋಟ ಕೈಗೆ ಬರುತ್ತಿತ್ತು.

ಜೂನ್ ತಿಂಗಳಲ್ಲಿ ಒಂದು ಪೆಟ್ಟು ಬಿತ್ತು. "ಸಂತೆಯಲ್ಲಿ ಭೀಕರ ಕೆಮ್ಮಿನ ಹಾವಳಿ" ಎಂದು ಮಾವ ಬರೆದರು, ಅಚ್ಚಾಯಿತು. ವಿಚಾರಿಸಿದರೆ, ಆ ದಿನ ಯಾರೋ ಒಣಮೆಣಸಿನಕಾಯಿ ಮೂಟೆ ಬಿಚ್ಚಿ ಕೊಡವಿದ್ದರು! ಸಂಪಾದಕರಿಂದ ಕಾರ್ಡು ಬಂತು: ಇನ್ನೊಂದು ಸುಳ್ಳು ವರದಿ ಬಂದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ. ಮಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಅಂಚೆ ಕಚೇರಿಯಿಂದ ಖಾಲಿ ತಂತಿ ಫಾರಂ ಒಂದನ್ನು ತಂದು ಅಂಗಿಯ ಜೇಬಿನಲ್ಲಿಟ್ಟುಕೊಂಡರು. "ಇನ್ನು ಕಳಿಸಿದ್ರೆ ತಂತೀಲೇ ಕಳಿಸೋ ಅಂಥ ಸುದ್ದಿ ಕಳಿಸ್ತೀನಿ. ಆವಾಗ ಗೊತ್ತಾಗುತ್ತೆ ಅವರಿಗೆ."

ಆಗಸ್ಟ್ ಮೂರರಂದು ಮಾವ ತೋಟದ ಕೆಲಸಕ್ಕೆ ಮಡಿಕೇರಿಗೆ ಹೋಗಿ ಅಲ್ಲೇ ಉಳಿದರು. ನಾಲ್ಕರ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು, ಒದ್ದೆ ಕೊಡೆ ಮೂಲೆಗಿಟ್ಟು, ಕಾಫಿ ಸೋಸುತ್ತಾ ಶುರುಮಾಡಿದರು. ಐದು ಪ್ರಶ್ನೆ ಮುಗಿದವು. ಆರನೆಯದಕ್ಕೆ ಅಮ್ಮ ಸೆರಗಿನ ತುದಿ ತಿರುಚುತ್ತಾ ನಿಂತರು.

"ಅಕ್ಕ?"

"ಕೆಂಪಗಿತ್ತು ಕಣೋ."

ನಾನು ಬೆಚ್ಚಿಬಿದ್ದೆ. ನನಗೂ ಹಾಗೇ ಆಗಿತ್ತು. ಯಾರಿಗೂ ಹೇಳಿರಲಿಲ್ಲ.

ಮಾವನ ಕೈಯಿಂದ ಲೋಟ ಬಿತ್ತು. ಮಲೇರಿಯಾ ವಿಷಮಿಸಿದರೆ ಮೂತ್ರ ರಕ್ತದ ಬಣ್ಣಕ್ಕೆ ತಿರುಗುವ ಒಂದು ಜ್ವರವಿದೆ, ಬಂದವರು ಉಳಿಯುವುದು ಕಷ್ಟ ಎಂದು ಅವರೇ ನಮಗೆ ಹತ್ತು ಸಲವಾದರೂ ಹೇಳಿದ್ದರು. ಒಂದೇ ಮನೆಯಲ್ಲಿ ಇಬ್ಬರು! ಇದಕ್ಕಿಂತ ದೊಡ್ಡ ಸುದ್ದಿ ಬೇಕೆ? ಮಾವ ಬಾಗಿಲಿನಾಚೆ ಹಾರಿದರು. ಅಂಚೆ ಕಚೇರಿ ಎಡಕ್ಕೆ. ಮಾವ ಓಡಿದ್ದು ಬಲಕ್ಕೆ, ಪಕ್ಕದ ಪೊನ್ನವ್ವನವರ ಮನೆಗೆ. ಆ ಬೀದಿಗೆ ಇರುವುದು ಅವರದೊಂದೇ ಜೀಪು. ನಾನೂ ಹಿಂದೆಯೇ ಓಡಿದೆ.

"ಜೀಪು ಕೊಡಿ ಅಮ್ಮ! ಆಸ್ಪತ್ರೆಗೆ! ಅಕ್ಕ, ಹುಡುಗಿ, ಇಬ್ಬರಿಗೂ ಒಂದಕ್ಕೆ ಕೆಂಪಗೆ..."

ಪೊನ್ನವ್ವ ಮೊರದಲ್ಲಿದ್ದ ಅಕ್ಕಿಯಿಂದ ತಲೆಯೆತ್ತಿದರು. "ಎಂತ ರೈಟರೇ, ಇದಕ್ಕೆ ಜೀಪಾ? ನನಗೂ ಕೆಂಪೇ. ನಮ್ಮ ಯಜಮಾನರಿಗೂ ಕೆಂಪೇ. ಈ ಬೀದಿಯಲ್ಲಿ ಕೆಂಪಾಗದವರು ನೀವೊಬ್ಬರೇ ಇರಬೇಕು!"

"ಊರಿಗೆಲ್ಲಾ ಹರಡಿದೆಯಾ!" ಎಂದು ಮಾವ ಕಂಬ ಹಿಡಿದುಕೊಂಡರು.

"ಅಯ್ಯೋ, ನಿನ್ನೆ ನಮ್ಮ ಕಕ್ಕಡ ತಿಂಗಳ ಹದಿನೆಂಟು, ಮದ್ದು ತಿನ್ನೋ ದಿನ ಅಲ್ವಾ? ಮದ್ದುಸೊಪ್ಪಿನ ಪಾಯಸ ನಿಮ್ಮ ಮನೆಗೂ ಒಂದು ಪಾತ್ರೆ ಕೊಟ್ಟಿದ್ದೆ. ಅದು ತಿಂದ್ರೆ ಕೆಂಪಾಗದೆ ಎಂತ ಹಸಿರಾಗ್ತದಾ? ಕೆಂಪಾದ್ರೆ ಮದ್ದು ಮೈಗೆ ಹಿಡೀತು ಅಂತ ಲೆಕ್ಕ."

ಹೌದು, ನೇರಳೆ ಬಣ್ಣದ, ಘಮಘಮಿಸುವ ಪಾಯಸ! ಅಮ್ಮ ಒಂದು ಬಟ್ಟಲು, ನಾನು ಮೂರು. ಡೈರಿಯಲ್ಲಿ ಬರೆದಿಟ್ಟಿದ್ದೆ, ಓದಿ ನೋಡಲು ಹೊಳೆಯಲಿಲ್ಲ.

ಮಾವ ಮೆಟ್ಟಿಲ ಮೇಲೆ ಕುಸಿದು ಕುಳಿತು ನಕ್ಕರು. ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಮತ್ತೆ ಮತ್ತೆ ಒರೆಸಿಕೊಳ್ಳುವುದು ಕಂಡಾಗ ಅದು ನಗುವಲ್ಲವೆಂದು ತಿಳಿಯಿತು. ಎದೆಯ ಭಾರ ಇಳಿದ ನನಗೆ ಆಗ ಸಂಪಾದಕರ ಕಾರ್ಡು ನೆನಪಾಯಿತು.

"ಮಾವ, ಸದ್ಯ ತಂತಿ ಕಳಿಸಲಿಲ್ಲವಲ್ಲ!"

ಅವರು ಜೇಬು ಮುಟ್ಟಿ ನೋಡಿಕೊಂಡರು. "ಮರೆತೇ ಹೋಯ್ತು ಕಣೇ." ಆಮೇಲೆ ಹೇಳಿದರು: "ನಿಮ್ಮತ್ತೆಗೆ ಹಾಗಾದಾಗ ನಾಚ್ಕೊಂಡು ಎರಡು ದಿನ ಯಾರಿಗೂ ಹೇಳಲಿಲ್ಲ. ನಾನೂ ಕೇಳಲಿಲ್ಲ."

ಪೊನ್ನವ್ವ ಒಳಗೆ ಹೋಗಿ, ಉಳಿದಿದ್ದ ಪಾಯಸವನ್ನು ಬಟ್ಟಲಿಗೆ ಹಾಕಿ ತಂದು ಅವರ ಕೈಗಿಟ್ಟರು. "ತಿನ್ನಿ ರೈಟರೇ."

ಆ ರಾತ್ರಿ ಡೈರಿ ತಿರುವಿಹಾಕಿದೆ. ಜನವರಿಯಿಂದ ಇಂದಿನವರೆಗೆ ಅಮ್ಮನ ಆರೋಗ್ಯದ ಲೆಕ್ಕವಿದೆ, ನನ್ನದಿದೆ, ಬೀದಿಯದಿದೆ, ಗೋಡೆಯ ಮೇಲಿನ ಸೊಳ್ಳೆಗಳದೂ ಇದೆ. ಮಾವನದು ಒಂದು ಸಾಲೂ ಇಲ್ಲ. ಯಾರೂ ಅವರನ್ನು ಕೇಳಿಯೇ ಇರಲಿಲ್ಲ.

ಆಗಸ್ಟ್ ಐದು, ಬೆಳಿಗ್ಗೆ ಆರೂವರೆ. ಮಾವನಿಗಿಂತ ಮೊದಲೇ ಎದ್ದು ಕಾಫಿ ನಾನೇ ಸೋಸಿದೆ. ಲೋಟ ಕೈಯಲ್ಲೇ ಹಿಡಿದುಕೊಂಡು ಕೇಳಿದೆ. ಜ್ವರ ಇದೆಯಾ ಮಾವ? ಕೆಮ್ಮು? ನಿದ್ದೆ ಬಂತಾ? ಹಸಿವು? ಭೇದಿ? ಒಂದೊಂದಕ್ಕೂ ಅವರು ಕೈಕಟ್ಟಿ ನಿಂತು ಉತ್ತರ ಕೊಟ್ಟರು. ಆರನೆಯದಕ್ಕೆ ಮುಖ ಬೇರೆ ಕಡೆ ತಿರುಗಿಸಿದರು. ನಾನು ಲೋಟ ಬಿಡಲಿಲ್ಲ.

"ಕೆಂಪು," ಎಂದರು ಮಾವ, ಮೆಲ್ಲಗೆ.

ಬರೆದುಕೊಂಡು, ಲೋಟ ಕೊಟ್ಟೆ.