ಬ್ಯಾಗು ಮೊದಲು ಹೊರಟಿತು

ತನುಶ್ರೀಯ ದಾರಿಗೆ ಅಡ್ಡ ಬಂದದ್ದು ಎದುರಾಳಿ ತಂಡವಲ್ಲ, ಶುಕ್ರವಾರದ ರಾಹುಕಾಲ. ಭಾರತದ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಮೊದಲ ಸಲ ಆಯ್ಕೆಯಾಗಿ ಬ್ಯಾಂಕಾಕಿಗೆ ಹೊರಟಿದ್ದಳು ಹುಡುಗಿ. ತಂಡದ ಬಸ್ಸು ಸ್ಟೇಡಿಯಮ್ಮಿನಿಂದ ಏರ್‌ಪೋರ್ಟಿಗೆ ಹೊರಡುವುದು ಹನ್ನೊಂದಕ್ಕೆ, ಸರಿಯಾಗಿ ರಾಹುಕಾಲದ ಹೊಟ್ಟೆಯೊಳಗೆ. ಬಸ್ಸು ತಪ್ಪಿದರೆ ಆ ಜಾಗಕ್ಕೆ ಬದಲಿ ಆಟಗಾರ್ತಿ ಯಶಶ್ರೀ ತುದಿಗಾಲಲ್ಲಿ ನಿಂತಿದ್ದಳು.

"ಅದಕ್ಯಾಕೆ ಯೋಚ್ನೆ? ಪ್ರಸ್ಥಾನ ಇಟ್ಬಿಡೋಣ," ಎಂದರು ಅಜ್ಜಿ ಮಹಾನಂದಮ್ಮ. ಒಳ್ಳೆಯ ಗಳಿಗೆಯಲ್ಲಿ ಗಂಟುಮೂಟೆಯನ್ನು ಬೇರೆ ಮನೆಗೆ ದಾಟಿಸಿದರೆ ಪ್ರಯಾಣ ಆಗಲೇ ಶುರುವಾದಂತೆ. ಆಮೇಲೆ ಮನುಷ್ಯರು ಯಾವಾಗ ಹೊರಟರೂ ದೋಷವಿಲ್ಲ. ಹಾಲಿನವನು ಬರುವ ಮುಂಚೆಯೇ, ಮೊಮ್ಮಗಳು ಗೊರಕೆ ಹೊಡೆಯುತ್ತಿರುವಾಗಲೇ, ಬ್ಯಾಗು ಪಕ್ಕದ ಮನೆ ಸೇರಿತ್ತು. ಪಾಸ್‌ಪೋರ್ಟು, ಇಂಡಿಯಾ ಜರ್ಸಿ, ಪುಟ್ಟ ದೋಣಿಗಳಂಥ ಶೂಗಳು, ಎಲ್ಲ ಅದರಲ್ಲೇ.

ಮಲ್ಲೇಶ್ವರದ ಹಳೇ ಬಾಗಿಲುಗಳಿಗೆ ತನುಶ್ರೀಯ ಹಣೆಯೆಂದರೆ ಬಲು ಅಕ್ಕರೆ. ಬ್ಯಾಗು ತರಲು ಹೋದವಳಿಗೆ ಪಕ್ಕದ ಮನೆ ಶ್ರೀನಿವಾಸಯ್ಯನವರ ಬಾಗಿಲೂ ಟಣ್ಣನೆ ಮುತ್ತಿಟ್ಟಿತು.

"ಬಾಮ್ಮಾ ಚಾಂಪಿಯನ್! ಬ್ಯಾಗಾ? ಇಲ್ಲಿಲ್ಲ."

"ಇಲ್ವಾ ತಾತಾ?"

"ಇವತ್ತು ಪಶ್ಚಿಮಕ್ಕೆ ಶೂಲೆ, ಆ ದಿಕ್ಕಿಗೆ ಹೊರಡ್ಬಾರ್ದು. ನಮ್ಮನೆ ನಿಮಗೆ ಪಶ್ಚಿಮ. ನಿಮ್ಮಜ್ಜಿ ಅಷ್ಟೂ ನೋಡ್ದೆ ಇಟ್ಟಿದಾರೆ! ನಾನೇ ಕೋಕಿಲಾ ಮನೆಗೆ ಸಾಗಿಸ್ದೆ. ಅದು ಪೂರ್ವ. ತಗೋ, ಮೊಸರು ಸಕ್ಕರೆ ತಿನ್ನು."

ಮೊಸರು ನುಂಗುತ್ತಲೇ ಓಡಿದಳು. ಹಿಂದಿನ ಬೀದಿಯ ಕೋಕಿಲಾ ಚಪಾತಿ ಹಿಟ್ಟಿನ ಕೈಯಲ್ಲೇ ಬಂದು ನಕ್ಕಳು.

"ಮನೆ ಮನೆ ಸುತ್ತಕ್ಕೆ ನಿನ್ನ ಬ್ಯಾಗೇನು ಗಣೇಶನ ಚಂದಾ ಡಬ್ಬಿನಾ? ನಮ್ಮೋರು ಆಫೀಸಿಗೆ ಹೊರಟಿದ್ರು. ಸೀದಾ ಸ್ಟೇಡಿಯಮ್ಮಿಗೇ ಮುಟ್ಟಿಸಿ ಅಂತ ಕೊಟ್ಕಳಿಸ್ದೆ."

ತನುಶ್ರೀಯ ಎದೆ ಚೆಂಡಿನಂತೆ ಪುಟಿಯಿತು. ಕೋಕಿಲಾಳ ಗಂಡ ಶರಣ್‌ಗೆ ಫೋನು ಹಚ್ಚಿದಳು.

"ಕೊಟ್ಟೆ ಕಣಮ್ಮಾ, ನಿಮ್ಮ ಬಸ್ ಡ್ರೈವರ್ ಕೈಗೇ ಕೊಟ್ಟೆ. ಹಿಂದಿನ ಸೀಟ್ ಮೇಲೆ ಕೂರಿಸಿದಾರೆ."

ಅಬ್ಬಾ! ಮನೆಗೆ ಬಂದು ಅಜ್ಜಿಯ ಕಾಲಿಗೆರಗಿ, ಎದ್ದು ತಮ್ಮದೇ ಬಾಗಿಲಿಗೆ ತಲೆ ಚಚ್ಚಿಕೊಂಡು, ಆಟೋ ಹತ್ತಿದಳು. ಹನ್ನೊಂದಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಸ್ಟೇಡಿಯಮ್ಮಿನ ಮುಂದಿದ್ದಳು.

ಅಲ್ಲಿ ಬಸ್ಸಿರಲಿಲ್ಲ. ಬಸ್ಸಿದ್ದ ನೆರಳಿನಲ್ಲಿ ಒಂದು ನಾಯಿ ಮಲಗಿತ್ತು.

"ಸರ್, ಬಸ್ಸೆಲ್ಲಿ?" ಎಂದು ಕೋಚ್ ಗೌರೀಶ್‌ಗೆ ಫೋನು ಹಚ್ಚಿ ಕೇಳಿದಳು.

"ಹೆಬ್ಬಾಳ ದಾಟ್ತು. ಏ ತನು, ಹಿಂದಿನ ಸೀಟಲ್ಲಿ ಕೂತ್ಕೊಂಡು ನಂಗೆ ಫೋನ್ ಮಾಡ್ತೀಯಲ್ಲೇ!"

"ಅದು ಬ್ಯಾಗು, ಸರ್."

ಆ ಕಡೆ ಗೌರೀಶ್ ಎದ್ದು ಹೋಗಿ ಏನನ್ನೋ ತಟ್ಟಿ ನೋಡಿದ ಸದ್ದು.

"ಹೌದಲ್ಲೇ! ಮುಸುಕು ಹಾಕ್ಕೊಂಡು ಮಲಗಿದೀಯ ಅಂದ್ಕೊಂಡು ಎಣಿಸ್ಬಿಟ್ಟೆ!"

"ಹನ್ನೊಂದಕ್ಕೆ ಅಂದಿದ್ರಲ್ಲಾ ಸರ್?"

ದಿನಾ ಬೆಳಿಗ್ಗೆ ಪ್ರೋಟೀನು, ನಿದ್ದೆ, ವಿಜ್ಞಾನ ಎಂದು ಕೊರೆಯುತ್ತಿದ್ದ ಕೋಚ್‌ನ ದನಿ ಪಿಸುಮಾತಿಗಿಳಿಯಿತು.

"ಅದೂ... ನಮ್ಮನೆಯವಳು ರಾಹುಕಾಲ ಬೇಡ ಅಂದ್ಲು. ಅದಕ್ಕೇ ಮುಂಚೆನೇ ಹೊರಡಿಸ್ದೆ. ಗ್ರೂಪಲ್ಲಿ ಹಾಕಿದ್ನಲ್ಲಾ! ಈಗ ಏನಾದ್ರೂ ಹಿಡ್ಕೊಂಡು ಬೇಗ ಬಾ. ಕೌಂಟರ್ ಮುಚ್ಚೋದ್ರೊಳಗೆ ಬರ್ಲಿಲ್ಲ ಅಂದ್ರೆ ಯಶಶ್ರೀನೇ ಹತ್ತಿಸ್ಬೇಕಾಗುತ್ತೆ."

ಸಿಕ್ಕಿದ ಟ್ಯಾಕ್ಸಿಯೊಳಗೆ ತನುಶ್ರೀ ಮಡಿಸಿದ ಕೊಡೆಯಂತೆ ತೂರಿಕೊಂಡಳು. ಡ್ರೈವರ್ ಕನ್ನಡಿಯಲ್ಲಿ ನೋಡಿದ.

"ಏರ್‌ಪೋರ್ಟಿಗಾ ಮೇಡಂ? ಲಗೇಜ್ ಏನೂ ಇಲ್ವಾ?"

"ಅದು ಒಳ್ಳೇ ಮುಹೂರ್ತ ನೋಡ್ಕೊಂಡು ಹೊರಡ್ತಣ್ಣ," ಎಂದಳು ತನುಶ್ರೀ, ಗದ್ದಕ್ಕೆ ತಾಗಿದ ಮಂಡಿಯನ್ನು ತಬ್ಬಿಕೊಂಡು. "ರಾಹುಕಾಲಕ್ಕೆ ಸಿಕ್ಕಿರೋಳು ನಾನೊಬ್ಳೇ."